ಬಾಗಿಲ ತನಕದ ಆಂಟಿ

ಬಸ್ ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ಹಳೆಯ ನಾಣ್ಯದ ಹಾಗೆ ಚಪ್ಪಟೆಯಾಗಿ ಅಗಲವಾಗಿತ್ತು. ನಮ್ಮ ಶಾಲೆ ಬಸ್ಸಿನ ಕೊನೆಯ ಸೀಟಿನ ಹಿಂದಿದ್ದ ಕೆಂಪು ಗುಂಡಿಯನ್ನು ದಿನಾ ಒತ್ತಿ ಒತ್ತಿ ಅದು ಹಾಗಾಗಿದೆ ಎಂದು ನಾನು ನಂಬಿದ್ದೆ. ಏಳನೇ ಕ್ಲಾಸಿನವರೆಗೂ ನಂಬಿದ್ದೆ. ಕೊನೆಗೊಮ್ಮೆ ಕನಿಕರದಿಂದ ವಿಚಾರಿಸಿದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅದು ಸಣ್ಣದಿರುವಾಗ ಅರೆಯುವ ಕಲ್ಲು ಬಿದ್ದದ್ದು ಮಾರಾಯ. ಗುಂಡಿ ಒತ್ತಿ ಯಾರಿಗಾದ್ರೂ ಉಗುರು ಹೀಗಾಗ್ತದಾ? ನಿನ್ನ ತಲೆಯಲ್ಲಿ ಎಂತ ಉಂಟು, ಹೊಯ್ಗೆಯಾ?"

ಆ ಗುಂಡಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಸ್ಸಿನ ಇಂಜಿನ್ ಆಫ್ ಮಾಡಿದ ಕೂಡಲೇ ಒಂದು ಅಲಾರಾಂ ಬೊಬ್ಬೆ ಹೊಡೆಯುತ್ತದೆ. ಅದರ ಬಾಯಿ ಮುಚ್ಚಿಸುವ ಗುಂಡಿ ಇರುವುದು ಕಟ್ಟಕಡೆಯಲ್ಲಿ. ಹಾಗಾಗಿ ಯಾರಾದರೂ ಬಸ್ಸಿನ ಉದ್ದಕ್ಕೂ ನಡೆದುಹೋಗಲೇಬೇಕು, ಹೋಗುವಾಗ ಸೀಟಿನಲ್ಲಿ ನಿದ್ದೆಹೋದ ಮಗು ಇದ್ದರೆ ಕಣ್ಣಿಗೆ ಬೀಳಲೇಬೇಕು. ಅಬುಧಾಬಿಯ ಬಿಸಿಲಿನಲ್ಲಿ ಬಾಗಿಲು ಮುಚ್ಚಿದ ಬಸ್ಸಿನೊಳಗೆ ಮಗುವೊಂದು ಉಳಿದುಹೋದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸದ ಬಸ್ ಆಂಟಿಯರಲ್ಲಿ ಕೆಲವರು ಓಡಿಹೋಗಿ ಗುಂಡಿ ಒತ್ತಿ ಓಡಿಬರುತ್ತಾರೆ. ನಮ್ಮ ಆಂಟಿ ಹಾಗಲ್ಲ. ಅಲಾರಾಂ ಕಿವಿ ಹರಿಯುತ್ತಿದ್ದರೂ ಒಂದೊಂದೇ ಸೀಟನ್ನು ಅಂಗೈಯಿಂದ ಮುಟ್ಟಿಕೊಂಡು, ನಿಧಾನಕ್ಕೆ, ಮದುವೆಮನೆಯಲ್ಲಿ ಪಂಕ್ತಿ ನೋಡಿಕೊಳ್ಳುವವರ ಹಾಗೆ ಹಿಂದೆ ಹೋಗುತ್ತಿದ್ದರು.

ಎಲ್ಲರೂ ಇಳಿದಾಯಿತು, ಮುಗಿಸಿ ಬೇಗ ಎಂದು ಪಠಾಣ್ ಡ್ರೈವರ್ ಕಿವಿ ಮುಚ್ಚಿಕೊಂಡು ಕೂಗುತ್ತಿದ್ದ. "ಸಬ್ ಉತರ್ ಗಯೇ ಬೆಹನ್, ಖಲಾಸ್! ಯಲ್ಲಾ!"

ಆಂಟಿ ತಿರುಗಿಯೂ ನೋಡದೆ ತಮ್ಮ ಉಳ್ಳಾಲದ ಹಿಂದಿಯಲ್ಲಿ ಹೇಳುತ್ತಿದ್ದರು. "ತುಮ್ ಬೋಲಾ ತೋ ನಹೀ ಹೋತಾ ಭಾಯ್. ಸೀಟ್ ಬೋಲ್ನಾ."

ನೀನು ಹೇಳಿದರೆ ಆಗುವುದಿಲ್ಲ, ಸೀಟು ಹೇಳಬೇಕು. ಹೆಚ್ಚಿನ ದಿನ ಸೀಟು ಹೇಳುತ್ತಿದ್ದದ್ದು ನನ್ನ ಹೆಸರನ್ನೇ. ನಿದ್ದೆಯಲ್ಲಿ ನಾನು ಅಂತರರಾಷ್ಟ್ರೀಯ ಮಟ್ಟದವನು. ಒಲಿಂಪಿಕ್ಸಿನಲ್ಲಿ ಆ ಆಟ ಇಲ್ಲದ್ದರಿಂದ ಮನೆಯವರಿಗೆ ನನ್ನ ಬೆಲೆ ತಿಳಿಯಲಿಲ್ಲ. ಕೊನೆಯ ಸೀಟಿನಲ್ಲಿ ಬಾಯಿ ತೆರೆದು ಬಿದ್ದಿದ್ದ ನನ್ನ ಕೆನ್ನೆಗೆ ಆ ಚಪ್ಪಟೆ ಉಗುರಿನ ಹೆಬ್ಬೆರಳು ತಾಗಿದಾಗಲೇ ನನಗೆ ಬೆಳಗಾಗುತ್ತಿತ್ತು. "ಏಳು ರಾಜ. ನಿನ್ನ ಅರಮನೆ ಬಂತು."

ಆಂಟಿ ಬ್ಯಾರಿಗಳು. ಮನೆಯಲ್ಲಿ ಬ್ಯಾರಿ ಭಾಷೆ, ನನ್ನ ಹತ್ತಿರ ಕನ್ನಡ, ಡ್ರೈವರನ ಹತ್ತಿರ ಮೇಲೆ ಹೇಳಿದ ಹಿಂದಿ, ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳ ಹತ್ತಿರ ಕಣ್ಣು. ಕಪ್ಪು ಅಬಾಯದ ಮೇಲೆ ಹೊಳೆಯುವ ಹಳದಿ ಜಾಕೆಟ್. ಅದರ ಜೇಬುಗಳಲ್ಲಿ ವಾಂತಿಯ ಚೀಲ, ಶುಂಠಿ ಮಿಠಾಯಿ, ಯಾರದೋ ಕಳಚಿದ ಹಲ್ಲು. ಯಜಮಾನರು ಅಲ್ ಮೀನಾದ ತರಕಾರಿ ಮಾರುಕಟ್ಟೆಯಲ್ಲಿ ಪೆಟ್ಟಿಗೆ ಇಳಿಸುವವರ ಮೇಸ್ತ್ರಿ. ಹಾಗಾಗಿ ಆಂಟಿಯ ಕೈಚೀಲದಿಂದ ಸದಾ ಕೊತ್ತಂಬರಿ ಸೊಪ್ಪಿನ ವಾಸನೆ ಬರುತ್ತಿತ್ತು. ಅವರೇನೂ ದೇವತೆಯಲ್ಲ. ಪಕ್ಷಪಾತಿ, ಅಳುವ ಮಕ್ಕಳಿಗೆ ಕಿಟಕಿ ಸೀಟು, ನನ್ನಂಥ ನಗುವವರಿಗೆ ಚಕ್ರದ ಮೇಲಿನ ಸೀಟು. ಸ್ಟಾಪಿಗೆ ತಡವಾಗಿ ಬರುವ ಅಮ್ಮಂದಿರನ್ನು ಆ ಅಮ್ಮಂದಿರು ಬೆನ್ನು ತಿರುಗಿಸುವ ಮೊದಲೇ ಅಣಕಿಸಿ ತೋರಿಸುತ್ತಿದ್ದರು. ನನ್ನ ಅಮ್ಮನನ್ನಂತೂ ನನ್ನೆದುರೇ.

ಕೆಜಿಯ ಮೊದಲ ದಿನ ನಾನು ಅವರ ಜಾಕೆಟ್ಟಿಗೆ ಜೋತುಬಿದ್ದು, ಅದರ ಮೇಲಿನ ಬೆಳ್ಳಿ ಪಟ್ಟಿಯನ್ನೇ ಕಿತ್ತುಹಾಕಿದ್ದೆನಂತೆ. ಕ್ಲಾಸಿನ ಬಾಗಿಲಲ್ಲಿ ನೆಲದ ಮೇಲೊಂದು ನೀಲಿ ಗೆರೆ ಇತ್ತು. ಬಸ್ಸಿನವರು ಅದನ್ನು ದಾಟುವಂತಿಲ್ಲ. ಒಳಗಿನಿಂದ ಟೀಚರಿನ ಕೈ ಬಂದು ಮಗುವನ್ನು ಎಳೆದುಕೊಳ್ಳುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. "ಬಾಗಿಲ ತನಕ ಮಾತ್ರ ನಾನು ಮಗಾ" ಎಂದು ಅವರು ಹೇಳುತ್ತಿದ್ದದ್ದು ನನಗೆ ಇಂದಿಗೂ ನೆನಪಿದೆ. ಮುಂದಿನ ವರ್ಷಗಳಲ್ಲಿ, ದೊಡ್ಡ ಕ್ಲಾಸಿಗೆ ಓಡುವಾಗ, ಬೇರೆ ಮಕ್ಕಳನ್ನು ಬಿಟ್ಟು ಅವರು ಆ ಬಾಗಿಲ ಗಾಜಿನಲ್ಲಿ ತುದಿಗಾಲಲ್ಲಿ ನಿಂತು ಇಣುಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗಾಜಿಗೆ ಒಳಗಿನಿಂದ ಚಿಟ್ಟೆಗಳ ಚಿತ್ರ ಅಂಟಿಸಿದ್ದರು. ಏನೂ ಕಾಣುತ್ತಿರಲಿಲ್ಲ.

ಆ ಬಾಗಿಲಿನ ಆಚೆ ಹೋಗಬೇಕೆಂಬುದೇ ಅವರ ಆಸೆಯಾಗಿತ್ತು. ಪಿಯುಸಿ ಒಳ್ಳೆಯ ಮಾರ್ಕಿನಲ್ಲಿ ಪಾಸಾಗಿ, ಬಿಎಗೆ ಸೇರಿ ಒಂದು ಮಳೆಗಾಲ ಕಳೆಯುವುದರೊಳಗೆ ಮದುವೆಯಾಗಿ ಇಲ್ಲಿಗೆ ಬಂದವರು. "ಆಗ ಅರ್ಧದಲ್ಲಿ ಬಿಟ್ಟದ್ದಲ್ವಾ, ಈಗ ಓದಿದ್ರೆ ಫುಲ್ಲೇ ಓದುದು. ನಾಲ್ಕು ವರ್ಷದ ದೊಡ್ಡ ಕಾಲೇಜು, ಕಪ್ಪು ಗೌನು, ಟೊಪ್ಪಿ, ಎಲ್ಲ." ಅದಕ್ಕಾಗಿ ಹಣ ಕೂಡಿಡುತ್ತಿದ್ದರು. ಒಮ್ಮೆ ಮೈದುನನ ವೀಸಾ ಬಂದು ತಿಂದಿತು, ಒಮ್ಮೆ ಊರಿನ ಮಾಡು ಸೋರಿ ಕುಡಿಯಿತು. ಆಂಟಿಯ ಉಳಿತಾಯ ಮೆಟ್ಟಿಲು ಹತ್ತುತ್ತಿದ್ದರೆ ಕಾಲೇಜಿನ ಫೀಸು ಲಿಫ್ಟಿನಲ್ಲಿ ಹೋಗುತ್ತಿತ್ತು. ಪ್ರತಿ ಜೂನಿನಲ್ಲೂ ಹೇಳುತ್ತಿದ್ದರು, "ಬರುವ ವರ್ಷ ನೋಡುವ."

ಹೀಗಿರುವಾಗ ನನ್ನ ಹನ್ನೆರಡನೇ ಕ್ಲಾಸಿನ ಮಾರ್ಕು ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳೂ ಓದುವ ಸಾಧ್ಯತೆ ಇದೆ. ಸ್ಕಾಲರ್‌ಶಿಪ್ಪಿನ ಮಾತು ಎತ್ತಿದ ಕಡೆಯಲ್ಲೆಲ್ಲ ಜನ ನನಗೆ ನೀರು ಕೊಟ್ಟು ಸಮಾಧಾನ ಮಾಡಿದರು. ಹಮ್ದಾನ್ ಸ್ಟ್ರೀಟಿನ ಹಿಂಬದಿಯ ನಮ್ಮ ಫ್ಲಾಟಿನಲ್ಲಿ ಚರ್ಚೆ ಶುರುವಾಯಿತು. ಒಂದು ಕಡೆ ದುಬೈಯ ನಾಲ್ಕು ವರ್ಷದ ಕಾಲೇಜು. ಗಾಜಿನ ಕಟ್ಟಡ, ಎದೆಯ ಮೇಲೆ ಕಾಲೇಜಿನ ಹೆಸರಿರುವ ಹೂಡಿ ಎಂಬ ದಪ್ಪ ಅಂಗಿ. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಆ ಹೂಡಿ ಮಾತ್ರ. ಇನ್ನೊಂದು ಕಡೆ ನಮ್ಮಲ್ಲೇ, ಫರ್ನಿಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಸಂಜೆ ಹೊತ್ತು ನಡೆಯುವ ಎರಡು ವರ್ಷದ ಕಾಲೇಜು. ಅಲ್ಲಿ ಎರಡು ವರ್ಷ ಮುಗಿಸಿದರೆ ಕೈಗೊಂದು ಡಿಪ್ಲೊಮಾ. ಬೇಕಾದವರು ಅದನ್ನು ಹಿಡಿದುಕೊಂಡು ಅದೇ ದೊಡ್ಡ ಕಾಲೇಜಿನ ಮೂರನೇ ವರ್ಷಕ್ಕೆ ನೇರ ಸೇರಬಹುದು. ಖರ್ಚು ಅರ್ಧಕ್ಕಿಂತಲೂ ಕಡಿಮೆ.

"ನಾಲ್ಕೂ ವರ್ಷ ದುಬೈಯಲ್ಲಿ ಓದಿಸಿದ್ರೆ ನಾನು ರಿಟೈರ್ ಆಗುದು ಇವನ ಮಗನ ಮದುವೆಗೆ" ಎಂದರು ಅಪ್ಪ.

"ಹಾಗಾದ್ರೆ ಎರಡು ವರ್ಷ ಇಲ್ಲಿ, ಎರಡು ವರ್ಷ ಅಲ್ಲಿ. ಕೊನೆಗೆ ಸಿಗುವ ಡಿಗ್ರಿ ಒಂದೇ ಅಲ್ವಾ?" ಎಂದರು ಅಮ್ಮ.

"ಡಿಗ್ರಿ ಒಂದೇ. ಆದ್ರೆ ಜನ ಈಗಲೇ ಕೇಳ್ತಾರಲ್ಲ, ಮಗ ಎಲ್ಲಿ ಅಂತ. ಸೋಫಾ ಅಂಗಡಿ ಮೇಲೆ ಅನ್ನುದಾ?"

"ಇವನು ಸೋಫಾದ ಮೇಲೇ ಇರುದಲ್ವಾ ಯಾವಾಗ್ಲೂ. ಯಾರಿಗೂ ಡೌಟ್ ಬರುದಿಲ್ಲ."

ಅಮ್ಮ ಗೆದ್ದರು. ಮಾರ್ಕ್ಸ್ ಕಾರ್ಡು ತರಲು ಕೊನೆಯ ಸಲ ಶಾಲೆ ಬಸ್ಸು ಹತ್ತಿದ ದಿನ ನಾನು ಸೋತ ದೊರೆಯ ಹಾಗೆ ಆಂಟಿಯ ಪಕ್ಕದಲ್ಲಿ ಕೂತು ಈ ದುರಂತ ಕಥೆಯನ್ನು ಹೇಳಿಕೊಂಡೆ. ಅವರು ಅಯ್ಯೋ ಪಾಪ ಅನ್ನಲಿಲ್ಲ. ಎರಡು ವರ್ಷದಲ್ಲಿ ಏನೇನು ಕೋರ್ಸು ಉಂಟು ಎಂದು ಕೇಳಿದರು. ನಾನು ಫೋನು ನೋಡಿ ಓದಿದೆ. ಬಿಸಿನೆಸ್, ಅಕೌಂಟ್ಸ್, ಪುಟ್ಟ ಮಕ್ಕಳ ಶಿಕ್ಷಣ.

"ಯಾವುದು? ಪುನಃ ಹೇಳು."

"ಪುಟ್ಟ ಮಕ್ಕಳ ಶಿಕ್ಷಣ. ಕೆಜಿಯಲ್ಲಿ ಅಸಿಸ್ಟೆಂಟ್ ಟೀಚರ್ ಆಗ್ಬಹುದಂತೆ."

"ಎರಡೇ ವರ್ಷದಲ್ಲಾ? ಪಿಯುಸಿಯವರಿಗೂ ಕೊಡ್ತಾರಾ? ಫೀಸು ಎಷ್ಟು? ಎಲ್ಲಿ ಇದು?"

ಬಸ್ಸು ಆಗ ಸಿಗ್ನಲಿನಲ್ಲಿ ನಿಂತಿತ್ತು. ನಾನು ಕಿಟಕಿಯಿಂದ ಕೈ ತೋರಿಸಿದೆ. ಸೋಫಾಗಳ ದೊಡ್ಡ ಬೋರ್ಡಿನ ಮೇಲೆ, ಏಸಿ ಪೆಟ್ಟಿಗೆಗಳ ನಡುವೆ, ಬಿಸಿಲಿಗೆ ಮಾಸಿದ ಸಣ್ಣ ಬೋರ್ಡು. ನಮ್ಮ ಬಸ್ಸು ವರ್ಷಗಟ್ಟಲೆ ಬೆಳಿಗ್ಗೆಯೂ ಮಧ್ಯಾಹ್ನವೂ ಇದೇ ಸಿಗ್ನಲಿನಲ್ಲಿ ನಿಂತಿದೆ. ಆಂಟಿ ಇದೇ ಬದಿಯ ಸೀಟಿನಲ್ಲಿ ಕೂತಿದ್ದಾರೆ. ಆದರೆ ಅವರ ಕಣ್ಣು ಯಾವಾಗಲೂ ಬಸ್ಸಿನ ಒಳಗೇ.

"ಇದು ಇಲ್ಲೇ ಇತ್ತಾ?" ಎಂದರು. ಸಿಗ್ನಲ್ ಹಸಿರಾಗಿ, ಬಸ್ಸು ತಿರುಗಿ, ಆ ಕಟ್ಟಡ ಮರೆಯಾಗುವವರೆಗೂ ಕುತ್ತಿಗೆ ತಿರುಗಿಸಿ ನೋಡುತ್ತಲೇ ಇದ್ದರು. ಅಷ್ಟು ವರ್ಷಗಳಲ್ಲಿ ಅವರು ಮಕ್ಕಳ ಕಡೆಗೆ ಬೆನ್ನು ಹಾಕಿ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೆಪ್ಟೆಂಬರಿನಲ್ಲಿ ನಾನು ಕಾಲೇಜಿಗೆ ಕಾಲಿಟ್ಟದ್ದು ಟೊಪ್ಪಿ, ಕಪ್ಪು ಕನ್ನಡಕ, ಮಾಸ್ಕುಗಳ ಸಮೇತ. ಪರಿಚಯದವರು ನೋಡಿದರೆ ಮರ್ಯಾದೆ ಹೋಗಬಾರದಲ್ಲ. ಫರ್ನಿಚರ್ ಅಂಗಡಿಯವನಿಗೆ ಕಳ್ಳನೆಂಬ ಸಂಶಯ ಬಂದು, ಲಿಫ್ಟಿನವರೆಗೂ ಹಿಂದೆಯೇ ಬಂದ. ಆ ವೇಷದಲ್ಲೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತು, ಇಂಗ್ಲಿಷ್ ಮೇಡಂ ಕ್ರಿಯಾಪದಕ್ಕೆ ಬರುವಷ್ಟರಲ್ಲಿ ನಿದ್ದೆ ಹೋದೆ. ಕೆನ್ನೆಗೆ ಏನೋ ತಾಗಿತು. ಕಣ್ಣು ತೆರೆದರೆ ಚಪ್ಪಟೆ ಉಗುರು.

"ಏಳು ರಾಜ. ಕ್ಲಾಸು ಮುಗೀತು."

ಮೊದಲ ವರ್ಷ ಇಂಗ್ಲಿಷ್ ಮತ್ತು ಕಂಪ್ಯೂಟರ್ ಎಲ್ಲ ಕೋರ್ಸಿನವರಿಗೂ ಒಟ್ಟಿಗೇ ಇತ್ತು. ಆಂಟಿ ಬಸ್ ಡ್ಯೂಟಿ ಮುಗಿಸಿ, ಹಳದಿ ಜಾಕೆಟ್ಟನ್ನು ಮಡಿಸಿ ಚೀಲಕ್ಕೆ ತುಂಬಿಕೊಂಡು ಬಂದು, ಮೊದಲ ಬೆಂಚಿನಲ್ಲಿ ಕೂರುತ್ತಿದ್ದರು. ಮೇಡಂ ಬಂದರೆ ಎದ್ದು ನಿಲ್ಲುತ್ತಿದ್ದರು. ಅವರನ್ನು ನೋಡಿ ಫಿಲಿಪೀನ್ಸಿನ ಕ್ಯಾಶಿಯರ್ ಎದ್ದ, ಸುಡಾನಿನ ಸೆಕ್ಯುರಿಟಿಯವನು ಎದ್ದ, ಎರಡನೇ ವಾರಕ್ಕೆ ಇಡೀ ಕ್ಲಾಸೇ ಏಳತೊಡಗಿತು. ನಾನು ಮಾತ್ರ ನಿದ್ದೆಯಿಂದ ಏಳಬೇಕಾದ್ದರಿಂದ ಸ್ವಲ್ಪ ತಡ. ಕಂಪ್ಯೂಟರ್ ಅವರಿಗೆ ಸುಲಭಕ್ಕೆ ಒಲಿಯಲಿಲ್ಲ. ಮೌಸನ್ನು ಮಲಗಿದ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದರು. ಅವರು ಇಡೀ ವಾರ ಟೈಪ್ ಮಾಡಿದ ಅಸೈನ್‌ಮೆಂಟನ್ನು ಸೇವ್ ಮಾಡಿಕೊಡುತ್ತೇನೆಂದು ನಾನು ಹೀರೋ ಆಗಲು ಹೋಗಿ, ಡಿಲೀಟ್ ಮಾಡಿದೆ.

"ಎಂತ ಮಾಡಿದೆ?"

"ಆಂಟಿ, ಅದು... ಮಾಫಿ. ಇಲ್ಲ." ಗಾಬರಿಗೆ ಅರಬ್ಬಿಯೇ ಮೊದಲು ಬಾಯಿಗೆ ಬಂತು.

"ಮಾಫಿ ಅಂದ್ರೆ? ಇಲ್ಲ ಅಂದ್ರೆ?" ಮತ್ತೆ ಒಂದು ಕ್ಷಣ ಕಣ್ಣು ಮುಚ್ಚಿ, "ವಾಂತಿ ಮಾಡಿದ ಮಕ್ಕಳಿಗೆ ಬೈಲಿಕ್ಕೆ ಆಗ್ತದಾ? ಕೂತ್ಕೋ. ನಾನು ಹೇಳ್ತೇನೆ, ನೀನು ಟೈಪ್ ಮಾಡು. ಇವತ್ತು ಮುಗಿಸಿಯೇ ಎದ್ದು ಹೋಗುದು ನೀನು" ಎಂದರು.

ಹಾಗೆ ಟೈಪ್ ಮಾಡಿ ಮಾಡಿ ಪುಟ್ಟ ಮಕ್ಕಳ ಶಿಕ್ಷಣದಲ್ಲಿ ನನಗೂ ಅರ್ಧ ಡಿಪ್ಲೊಮಾ ಸಿಗಬೇಕಿತ್ತು. ನಾನು ನನ್ನ ಕೋರ್ಸಿನಲ್ಲಿ ಪಾಸಾದದ್ದಕ್ಕೂ ಕಾರಣ ಅವರೇ. ಒಂದು ದಿನ ತಪ್ಪಿಸಿಕೊಂಡರೂ ಫೋನು ಬರುತ್ತಿತ್ತು. "ನಿನ್ನ ಸೀಟು ಖಾಲಿ ಉಂಟು. ಎಲ್ಲಿದ್ದಿ?" ನಾನು ಜ್ವರದ ಸ್ವರ ಮಾಡಿದರೆ, "ಜ್ವರ ಬಂದವರ ಹಿಂದೆ ಕ್ರಿಕೆಟ್ ಕಮೆಂಟರಿ ಬರುದಿಲ್ಲ ಮಾರಾಯ. ಬಾ ಬೇಗ" ಎನ್ನುತ್ತಿದ್ದರು. ಅತ್ತ ಅಪ್ಪ, ಕನ್ನಡದವರ ರಾಜ್ಯೋತ್ಸವದಲ್ಲಿ ಯಾರಾದರೂ ಮಗ ಎಲ್ಲಿ ಓದುವುದೆಂದು ಕೇಳಿದರೆ ಕೆಮ್ಮುತ್ತಿದ್ದರು. ಎರಡನೇ ವರ್ಷದ ರಾಜ್ಯೋತ್ಸವದಲ್ಲಿ ಯಾರೋ ಪುಣ್ಯಾತ್ಮರು ಅವರಿಗೊಂದು ಕಫದ ಸಿರಪ್ಪು ತಂದುಕೊಟ್ಟರು.

ಆಂಟಿಗೆ ಡಿಪ್ಲೊಮಾ ಸಿಕ್ಕಿತು. ಕಪ್ಪು ಗೌನಾಗಲಿ ಟೊಪ್ಪಿಯಾಗಲಿ ಆ ಕಾಲೇಜಿನಲ್ಲಿ ಇರಲಿಲ್ಲ. ಆಫೀಸಿನ ಕಿಟಕಿಯಲ್ಲಿ ಕೊಟ್ಟರು, ಪ್ಲಾಸ್ಟಿಕ್ ಕವರಿನಲ್ಲಿ. ಅದೇ ತಿಂಗಳು ನಮ್ಮ ಶಾಲೆಯವರು ಅವರನ್ನು ಕೆಜಿಗೆ ಅಸಿಸ್ಟೆಂಟ್ ಟೀಚರಾಗಿ ತೆಗೆದುಕೊಂಡರು. ದುಬೈ ಕಾಲೇಜಿಗೆ ಬೇಕಾದ ಯಾವುದೋ ಸರ್ಟಿಫಿಕೇಟಿಗಾಗಿ ಶಾಲೆಗೆ ಹೋದ ಬೆಳಿಗ್ಗೆ ನಾನದನ್ನು ನನ್ನ ಕಣ್ಣಾರೆ ನೋಡಿದೆ. ನೀಲಿ ಗೆರೆಯ ಈಚೆ ಹೊಸ ಬಸ್ ಆಂಟಿ ಒಬ್ಬರು, ಅವರ ಜಾಕೆಟ್ಟಿಗೆ ಜೋತುಬಿದ್ದು ಕಿರುಚುವ ಒಂದು ಹುಡುಗಿ. ಒಳಗಿನಿಂದ ಬಂದ ಕೈಯ ಹೆಬ್ಬೆರಳಿನಲ್ಲಿ ಚಪ್ಪಟೆ ಉಗುರು.

ಬಾಗಿಲು ಮುಚ್ಚಿತು. ನಾನು ಬೋರ್ಡು ನೋಡುವವನಂತೆ ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಆಂಟಿ ತಲೆ ಹೊರಹಾಕಿದರು. ಕುತ್ತಿಗೆಯಲ್ಲಿ ಶಾಲೆಯ ಐಡಿ ಕಾರ್ಡು, ತೋಳಿನ ಮೇಲೆ ಯಾರದೋ ಬಣ್ಣದ ಕೈಯ ಗುರುತು.

"ಒಳಗೆ ಎಂತ ಆಗ್ತದೆ ಗೊತ್ತುಂಟಾ?" ಎಂದು ಪಿಸುಗುಟ್ಟಿದರು. "ಎಂತದೂ ಆಗುದಿಲ್ಲ! ಬಾಗಿಲು ಹಾಕಿದ ಎರಡು ನಿಮಿಷಕ್ಕೆ ಎಲ್ಲ ಅಳು ನಿಲ್ಲಿಸಿ ಆಡ್ತವೆ. ನಾನು ಇಷ್ಟು ವರ್ಷ ಹೊರಗೆ ನಿಂತು ಸುಮ್ಮನೆ ಸಂಕಟಪಟ್ಟದ್ದು."

ನಾವಿಬ್ಬರೂ ನಕ್ಕೆವು. ಅವರು ಬೇಗ ನಿಲ್ಲಿಸಿದರು.

"ನಾಲ್ಕು ವರ್ಷದ್ದೇ ಬೇಕು, ಬೇರೆ ಎಲ್ಲ ಅರೆಬರೆ ಅಂತ ಕಾದೆ ನಾನು. ಅದನ್ನು ಕಾಯುದ್ರಲ್ಲೇ ಎಷ್ಟು ನಾಲ್ಕು ವರ್ಷ ಹೋಯ್ತು ನೋಡು. ಫೀಸು ಜಾಸ್ತಿ ಅಂತ ಹೆದರಿದೆ. ಕಾದದ್ದಕ್ಕೆ ಎಷ್ಟು ಖರ್ಚಾಯ್ತು ಅಂತ ಲೆಕ್ಕ ಹಾಕ್ಲೇ ಇಲ್ಲ ಮಗಾ." ಆಮೇಲೆ ಸ್ವರ ಬದಲಿಸಿ, "ಹೋಗ್ಲಿ. ಬಂದೆ ಅಲ್ವಾ? ನೀನು ಮೂರನೇ ವರ್ಷಕ್ಕೆ ಹೋಗು. ನಾನೂ ಹಿಂದೆಯೇ ಬರ್ತೇನೆ, ಆ ಟೊಪ್ಪಿ ನನಗೆ ಬೇಕು" ಎಂದು ಬಾಗಿಲು ಹಾಕಿಕೊಂಡರು.

ಅವರಿಗೆ ಆ ಬಾಗಿಲಿನ ಒಳಗೆ ಸಿಕ್ಕಿದ್ದು ಒಂದೇ ಟರ್ಮು. ಮಕ್ಕಳನ್ನು ಎತ್ತಿ ಎತ್ತಿ ಬಂದ ಬೆನ್ನುನೋವೆಂದು ಅವರು ಅಂದುಕೊಂಡಿದ್ದದ್ದು ಬೆನ್ನುನೋವಾಗಿರಲಿಲ್ಲ. ರಜೆಗೆ ಊರಿಗೆ ಹೋದವರು ಮಂಗಳೂರಿನ ಆಸ್ಪತ್ರೆಯಲ್ಲೇ ಉಳಿದರು. ನಾನು ಆಗಷ್ಟೇ ದುಬೈಗೆ ಬಂದು, ಬರ್ ದುಬೈಯ ಒಂದು ಕೋಣೆಯಲ್ಲಿ ಬೆಡ್‌ಸ್ಪೇಸ್, ಅಂದರೆ ಬರೀ ಒಂದು ಮಂಚದ ಜಾಗ, ಬಾಡಿಗೆಗೆ ಹಿಡಿದು, ಗಾಜಿನ ಕಾಲೇಜಿಗೆ ಹೋಗತೊಡಗಿದ್ದೆ. ಹೂಡಿ ಕೂಡ ಕೊಂಡಿದ್ದೆ. ಅಳತೆ ತಪ್ಪಿ ಅದು ನನಗೆ ಅಬಾಯದಷ್ಟು ಉದ್ದವಾಗಿತ್ತು. ಅದನ್ನು ಹಾಕಿಕೊಂಡ ಫೋಟೋ ಕಳಿಸಿದ್ದಕ್ಕೆ ಆಂಟಿಯಿಂದ ಒಂದು ವಾಯ್ಸ್ ಮೆಸೇಜ್ ಬಂತು. ಸ್ವರ ತೆಳ್ಳಗಾಗಿತ್ತು. ಹಿಂದೆ ಯಾರೋ ಸ್ಟೀಲ್ ತಟ್ಟೆ ಇಟ್ಟ ಸದ್ದು.

"ಚಂದ ಕಾಣ್ತಿ. ನಿನ್ನ ಅಪ್ಪನ ಕೆಮ್ಮು ಈಗ ಕಡಿಮೆಯಾಯ್ತಾ? ಮತ್ತೆ ನೋಡು ಮಗಾ, ಅಲ್ಲಿ ಕೊನೆಯ ಸೀಟಿನಲ್ಲಿ ನಿದ್ದೆ ಮಾಡ್ಬೇಡ. ಅಲ್ಲಿ ಎಬ್ಬಿಸ್ಲಿಕ್ಕೆ ನಾನಿಲ್ಲ."

ನಾನು ಗೊರಕೆ ಹೊಡೆಯುವ ಮುಖದ ಸ್ಟಿಕ್ಕರು ಕಳಿಸಿದೆ. ಅದು ಅವರನ್ನು ತಲುಪಿದ ಗುರುತು ಬಂತು. ನೋಡಿದ ಗುರುತು ಬರಲಿಲ್ಲ. ಆ ವಾರವೇ ಅಮ್ಮನ ಫೋನು ಬಂತು. ಆಂಟಿ ಹೋದ ಸುದ್ದಿ ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕೊನೆಗೆ, "ನನ್ನನ್ನು ಅಷ್ಟು ಚಂದ ಅಣಕಿಸ್ತಿದ್ರಂತೆ ಅಲ್ವಾ? ನನಗೊಂದು ಸಲ ತೋರಿಸಿರ್ಲಿಲ್ಲ" ಎಂದು ಅತ್ತರು.

ಈಗ ನನ್ನದು ನಾಲ್ಕನೇ ವರ್ಷ. ಹನ್ನೆರಡನೇ ಕ್ಲಾಸು ಮುಗಿಸಿದ ಪರಿಚಯದ ಹುಡುಗರು ಬಂದು ದೊಡ್ಡ ಕಾಲೇಜೋ ಎರಡು ವರ್ಷದ್ದೋ ಎಂದು ನನ್ನನ್ನು ಕೇಳುತ್ತಾರೆ. ಸಲಹೆ ಕೇಳಲು ನಾನೇ ಸಿಕ್ಕಿದ್ದು ಅವರ ಗ್ರಹಚಾರ. ಅವರು ಫೀಸು ಹೇಳುತ್ತಾರೆ, ಹಾಸ್ಟೆಲು ಹೇಳುತ್ತಾರೆ, ಬಸ್ಸಿನ ಖರ್ಚು ಹೇಳುತ್ತಾರೆ. ನಾನು ತಮಾಷೆ ಮಾಡುತ್ತಾ ಕೇಳಿಸಿಕೊಳ್ಳುತ್ತೇನೆ. ಯಾರಾದರೂ "ಹಣ ಆಗುವ ತನಕ ಒಂದೆರಡು ವರ್ಷ ಕಾಯುವ ಅಂತ" ಎಂದರೆ ಮಾತ್ರ ನನ್ನ ತಮಾಷೆ ನಿಂತುಹೋಗುತ್ತದೆ. ಆ ಸಿಗ್ನಲಿನಲ್ಲಿ ಹಿಂದಕ್ಕೆ ತಿರುಗಿದ ಕುತ್ತಿಗೆ ಕಣ್ಣಿಗೆ ಬರುತ್ತದೆ.

ಮೊನ್ನೆ ಮಧ್ಯಾಹ್ನದ ಕ್ಲಾಸಿನಲ್ಲಿ, ಕಿಟಕಿಯಿಲ್ಲದ ಹಾಲಿನ ಕೊನೆಯ ಸಾಲಿನಲ್ಲಿ, ನಾನು ಮತ್ತೆ ನಿದ್ದೆ ಹೋದೆ. ಎಚ್ಚರವಾದಾಗ ಗವ್ವೆನ್ನುವ ಕತ್ತಲು. ಕುರುಡನಾದೆನೆಂದು ಹೆದರಿ ಕೂಗಿಬಿಟ್ಟೆ, ಎದ್ದು ಓಡಲು ಹೋಗಿ ಮುಂದಿನ ಕುರ್ಚಿಗೆ ಮೊಣಕಾಲು ಬಡಿದುಕೊಂಡೆ. ನಾನು ಅಲ್ಲಾಡಿದ ಕೂಡಲೇ ದೀಪಗಳೆಲ್ಲ ತಾವಾಗಿಯೇ ಹತ್ತಿಕೊಂಡವು. ಈ ಕಟ್ಟಡದ ದೀಪಗಳು ಹಾಗೆಯೇ. ಕೋಣೆಯಲ್ಲಿ ಯಾರೂ ಅಲುಗಾಡದಿದ್ದರೆ, ಯಾರೂ ಇಲ್ಲವೆಂದು ತಿಳಿದು ಆರಿಹೋಗುತ್ತವೆ. ಮೇಷ್ಟ್ರು ಹೋಗಿದ್ದರು, ಹುಡುಗರು ಹೋಗಿದ್ದರು. ಇಷ್ಟು ಫೀಸಿನ ಕಾಲೇಜು ನಾನು ಅಲ್ಲಿಲ್ಲ ಎಂದು ತೀರ್ಮಾನಿಸಿ ಬಾಗಿಲೆಳೆದುಕೊಂಡಿತ್ತು.

ಮೊಣಕಾಲು ತಿಕ್ಕಿಕೊಳ್ಳುತ್ತಾ, ಆ ಖಾಲಿ ಸಾಲಿನ ಒಂದೊಂದೇ ಸೀಟನ್ನು ಅಂಗೈಯಿಂದ ಮುಟ್ಟಿಕೊಂಡು ಬಾಗಿಲ ತನಕ ಬಂದೆ.